ಓಫೀರ್: ಒಂದು ಪ್ರಾಚೀನ ಹೀಬ್ರೂ ಸ್ಥಳನಾಮದ ಅರ್ಥ, ಇತಿಹಾಸ ಮತ್ತು ಕರ್ನಾಟಕ

ಸ್ಥಳನಾಮಗಳ ಅಧ್ಯಯನವು ಇತಿಹಾಸ ಸಂಶೋಧನೆಯ ಒಂದು ಮುಖ್ಯ ಅಂಗವೆಂಬುದನ್ನು ಕನ್ನಡದಲ್ಲಿ ಮೊದಲು ಮನಗಾಣಿಸಿದವರಲ್ಲಿ ಶಂ.ಬಾ. ಜೋಶಿಯವರು ಪ್ರಮುಖರು. ಅವರ 'ಎಡೆಗಳು ಹೇಳುವ ಕಂನಾಡ ಕಥೆ'ಯ ನಂತರ ಈ ಕ್ಷೇತ್ರದಲ್ಲಿ ಸಾಕಷ್ಟು ಕೆಲಸ ನಡೆದಿದೆ. ಮೈಸೂರು ಜಿಲ್ಲೆಯ ಗ್ರಾಮನಾಮಗಳನ್ನು ದೇ. ಜವರೇಗೌಡರು ಪ್ರತ್ಯೇಕವಾಗಿ ಪರಿಶೀಲಿಸಿದ್ದಾರೆ. ಇಂತಹ ಅಧ್ಯಯನಗಳಿಂದ ಸ್ಪಷ್ಟವಾಗಿರುವ ಸಂಗತಿಯೊಂದಿದೆ. ಊರಿನ ಹೆಸರಿಗೆ ಊರಿನವರು ಹೇಳುವ ಕಥೆ ಬೇರೆ, ಆ ಹೆಸರು ಹುಟ್ಟಿ ಬೆಳೆದು ಬಂದ ಚರಿತ್ರೆ ಬೇರೆ. ಎರಡಕ್ಕೂ ಬೆಲೆಯಿದೆ, ಆದರೆ ಒಂದನ್ನು ಇನ್ನೊಂದರ ಸ್ಥಾನದಲ್ಲಿ ಇರಿಸಲಾಗದು.

ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡನ್ನೇ ಉದಾಹರಣೆಯಾಗಿ ನೋಡಬಹುದು. ತಲ ಮತ್ತು ಕಾಡ ಎಂಬ ಇಬ್ಬರು ಬೇಡರಿಂದ ಊರಿಗೆ ಈ ಹೆಸರಾಯಿತೆಂದು ಐತಿಹ್ಯ ಹೇಳುತ್ತದೆ. ಗಂಗರ ತಾಮ್ರಶಾಸನಗಳಲ್ಲಾದರೋ ಇದು 'ತಲವನಪುರ'. ಶಾಸನಕವಿಯು ಹೆಸರಿನ ಉತ್ತರಪದವನ್ನು 'ಕಾಡು' ಎಂದೇ ಗ್ರಹಿಸಿ ಅದನ್ನು 'ವನ' ಎಂದು ಸಂಸ್ಕೃತಕ್ಕೆ ತಿರುಗಿಸಿದ್ದಾನೆ. ಚೋಳರ ಕಾಲದಲ್ಲಿ ಅದೇ ಊರು 'ರಾಜರಾಜಪುರ'ವಾಯಿತು. ಹೊಯ್ಸಳ ವಿಷ್ಣುವರ್ಧನನು ಅದನ್ನು ಗೆದ್ದು 'ತಲಕಾಡುಗೊಂಡ' ಎನಿಸಿಕೊಂಡನು. ಆಳಿದವರು ಇಟ್ಟ ಹೆಸರು ಅಳಿಯಿತು, ಜನರ ಬಾಯಲ್ಲಿದ್ದ ಹೆಸರು ಉಳಿಯಿತು. ನಂಜನಗೂಡು ತಾಲ್ಲೂಕಿನ ಕವಲಂದೆಯ ವಿಷಯವೂ ವಿಚಾರಾರ್ಹ. ದೊಡ್ಡಕವಲಂದೆ, ಚಿಕ್ಕಕವಲಂದೆ ಎಂಬ ಎರಡು ಊರುಗಳು ಒಂದೇ ಹೆಸರನ್ನು ಹಂಚಿಕೊಂಡಿರುವುದು ನೆಲೆಯು ಕವಲೊಡೆದು ಬೆಳೆದುದನ್ನು ಸೂಚಿಸುತ್ತದೆ. ಕೇಳಿದೊಡನೆ 'ಕಾವಲು' ಎಂಬ ಮಾತು ನೆನಪಿಗೆ ಬರುವುದು ಸಹಜ. ಮೈಸೂರು ಅರಸರ ಹುಲ್ಲುಗಾವಲುಗಳನ್ನು ಬಲ್ಲವರಿಗೆ ಆ ಅರ್ಥ ಪ್ರಿಯವೂ ಹೌದು. ಆದರೆ ಹೆಸರಿನ ಮೊದಲಕ್ಷರ ಹ್ರಸ್ವ. ಕವಲು ಬೇರೆ, ಕಾವಲು ಬೇರೆ. ಕನ್ನಡದಲ್ಲಿ ಸ್ವರದ ಒಂದು ಮಾತ್ರೆ ಅರ್ಥವನ್ನೇ ಬದಲಿಸುತ್ತದೆ ಎಂಬುದನ್ನು ಮರೆತು ಮಾಡಿದ ನಿಷ್ಪತ್ತಿ ನಿಲ್ಲುವುದಿಲ್ಲ.

ಈ ಎರಡು ಎಚ್ಚರಿಕೆಗಳನ್ನು, ಅಂದರೆ ಐತಿಹ್ಯವನ್ನು ಚರಿತ್ರೆಯಿಂದ ಬೇರ್ಪಡಿಸುವುದು ಮತ್ತು ಅಕ್ಷರಕ್ಕೆ ಬೆಲೆಕೊಡುವುದು, ಕನ್ನಡನಾಡಿನ ಹೊರಗಿನ ಒಂದು ಹೆಸರಿಗೆ ಅನ್ವಯಿಸಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಆ ಹೆಸರು 'ಓಫೀರ್'. ಹೀಬ್ರೂ ಧರ್ಮಗ್ರಂಥದಲ್ಲಿ ಚಿನ್ನದ ನಾಡೆಂದು ಹೆಸರಾದ ಈ ಸ್ಥಳವನ್ನು ಭಾರತದಲ್ಲಿ, ಅದರಲ್ಲಿಯೂ ದಕ್ಷಿಣ ಭಾರತದಲ್ಲಿ ಗುರುತಿಸುವ ಪ್ರಯತ್ನ ಬಹುಕಾಲದಿಂದ ನಡೆದುಬಂದಿದೆ. ಚಿನ್ನ, ಶ್ರೀಗಂಧ, ನವಿಲು, ದಂತ ಎಂಬ ನಾಲ್ಕು ಸರಕುಗಳು ಒಟ್ಟಿಗೆ ದೊರೆಯುವ ನಾಡು ಯಾವುದು ಎಂಬ ಪ್ರಶ್ನೆಗೆ ಹಳೆಯ ಮೈಸೂರು ಸೀಮೆಯವರಾದ ನಮಗೆ ಉತ್ತರ ಬಾಯಿಯ ತುದಿಯಲ್ಲಿಯೇ ಇರುತ್ತದೆ. ಆ ಉತ್ತರವನ್ನು ಒಪ್ಪುವ ಮೊದಲು ಆಧಾರಗಳನ್ನು ಒಂದೊಂದಾಗಿ ನೋಡಬೇಕಾಗುತ್ತದೆ.

ಗ್ರಂಥೋಕ್ತ ಆಧಾರಗಳು

ಹೀಬ್ರೂ ಗ್ರಂಥದಲ್ಲಿ ಓಫೀರ್ ಮೊದಲು ಕಾಣಿಸಿಕೊಳ್ಳುವುದು ಊರಿನ ಹೆಸರಾಗಿ ಅಲ್ಲ, ಮನುಷ್ಯನ ಹೆಸರಾಗಿ. ಆದಿಕಾಂಡದ 10ನೆಯ ಅಧ್ಯಾಯದ ವಂಶಾವಳಿಯಲ್ಲಿ ಯೊಕ್ತಾನನ ಮಕ್ಕಳಲ್ಲಿ ಒಬ್ಬನು ಓಫೀರ್. ಅವನ ಹೆಸರು ಶೆಬಾ ಮತ್ತು ಹವೀಲಾ ಎಂಬ ಎರಡು ಹೆಸರುಗಳ ನಡುವೆ ಬರುತ್ತದೆ. ಈ ವಂಶಾವಳಿಯಲ್ಲಿ ನಾಡುಗಳನ್ನೂ ಬುಡಕಟ್ಟುಗಳನ್ನೂ ವ್ಯಕ್ತಿಗಳೆಂಬಂತೆ ಹೇಳುವ ಪದ್ಧತಿಯಿದೆ. ಶೆಬಾ ಎಂಬುದು ದಕ್ಷಿಣ ಅರೇಬಿಯಾದ ಸಬಾ ರಾಜ್ಯವೆಂಬುದು ಶಾಸನಗಳಿಂದ ಖಚಿತವಾಗಿರುವ ಸಂಗತಿ. ಹೀಗಾಗಿ ವಂಶಾವಳಿಯನ್ನು ರಚಿಸಿದವನ ಮನಸ್ಸಿನಲ್ಲಿ ಓಫೀರ್ ಅರೇಬಿಯಾದ ನೆರೆಹೊರೆಯಲ್ಲಿತ್ತೆಂಬುದನ್ನು ಗಮನದಲ್ಲಿಡಬೇಕು.

ಎರಡನೆಯದು ಅರಸುಗಳ ಮೊದಲನೆಯ ಗ್ರಂಥದ ಉಲ್ಲೇಖ. ಸೊಲೊಮೋನನು ಕೆಂಪು ಸಮುದ್ರದ ತೀರದಲ್ಲಿ ಏಲತ್‌ನ ಹತ್ತಿರವಿರುವ ಎಚ್ಯೋನ್‌ಗೆಬೆರ್‌ನಲ್ಲಿ ಹಡಗುಗಳನ್ನು ಕಟ್ಟಿಸಿದನೆಂದೂ, ತೂರಿನ ಅರಸ ಹೀರಾಮನು ಕಡಲನ್ನು ಬಲ್ಲ ತನ್ನ ನಾವಿಕರನ್ನು ಕಳುಹಿಸಿದನೆಂದೂ, ಅವರು ಓಫೀರಿಗೆ ಹೋಗಿ 420 ತಲಾಂತು ಚಿನ್ನ ತಂದರೆಂದೂ ಅಲ್ಲಿ ಹೇಳಿದೆ. ಒಂದು ತಲಾಂತು ಸುಮಾರು 34 ಕಿಲೋಗ್ರಾಮ್ ಎಂದು ಹಿಡಿದರೆ ಇದು 14 ಟನ್ನಿಗೂ ಹೆಚ್ಚು. ಪೂರ್ವಕಾಲವೃತ್ತಾಂತದ ಎರಡನೆಯ ಗ್ರಂಥದಲ್ಲಿ ಇದೇ ಪ್ರಸಂಗ ಮತ್ತೆ ಬಂದಾಗ ಮೊತ್ತ 450 ಆಗಿದೆ. ಮುಂದಿನ ಅಧ್ಯಾಯದಲ್ಲಿ ಓಫೀರಿನಿಂದ 'ಅಲ್ಮುಗ್' ಎಂಬ ಮರವೂ ರತ್ನಗಳೂ ಬಂದುವೆಂಬ ಮಾತಿದೆ. ಅನಂತರದ ಅರಸ ಯೆಹೋಷಾಫಾಟನು ಓಫೀರಿಗೆಂದು ಸಿದ್ಧಪಡಿಸಿದ ಹಡಗುಗಳು ಎಚ್ಯೋನ್‌ಗೆಬೆರ್‌ನಲ್ಲಿಯೇ ಒಡೆದುಹೋದುವು.

ಸೊಲೊಮೋನನ ಕಾಲ ಕ್ರಿ.ಪೂ. 10ನೆಯ ಶತಮಾನ. ಈ ವೃತ್ತಾಂತ ಈಗಿನ ರೂಪಕ್ಕೆ ಬಂದದ್ದು ಅದರಿಂದ ಮೂರು ನಾಲ್ಕು ಶತಮಾನಗಳ ನಂತರ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅರಸನ ವೈಭವವನ್ನು ವರ್ಣಿಸುವಾಗ ಸಂಖ್ಯೆಗಳು ಹಿಗ್ಗುವುದು ಎಲ್ಲ ನಾಡುಗಳ ಪ್ರಶಸ್ತಿಗಳಲ್ಲಿಯೂ ಉಂಟು. ಗಂಗವಾಡಿ ತೊಂಬತ್ತಾರು ಸಾಸಿರ ಎಂಬ ಸಂಖ್ಯೆಯ ಅರ್ಥವನ್ನು ಕುರಿತು ನಡೆದಿರುವ ಚರ್ಚೆಯನ್ನು ಬಲ್ಲ ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಓಫೀರ್ ಬರಿಯ ಕಲ್ಪನೆಯೇ? ಅಲ್ಲವೆಂಬುದಕ್ಕೆ ಒಂದು ಪುರಾವೆ ಇದೆ. ಈಗಿನ ತೆಲ್ ಅವೀವ್ ನಗರದ ವ್ಯಾಪ್ತಿಯಲ್ಲಿರುವ ತೆಲ್ ಕಸೀಲೆ ಎಂಬ ದಿಬ್ಬದಲ್ಲಿ 1946ರಲ್ಲಿ ಬರಹವಿರುವ ಒಂದು ಮಡಕೆ ಚೂರು ಸಿಕ್ಕಿತು. ಅದರ ಲಿಪಿ ಕ್ರಿ.ಪೂ. 8ನೆಯ ಶತಮಾನದ್ದೆಂದು ನಿರ್ಣಯಿಸಲಾಗಿದೆ. ಓಫೀರ್ ಚಿನ್ನ, ಬೇತ್ ಹೋರೋನಿಗೆ, 30 ಶೆಕೆಲ್ ಎಂಬುದು ಅದರ ತಾತ್ಪರ್ಯ. 30 ಶೆಕೆಲ್ ಎಂದರೆ ಸುಮಾರು 340 ಗ್ರಾಮ್. ಗ್ರಂಥದ 14 ಟನ್ ಎಲ್ಲಿ, ಮಡಕೆ ಚೂರಿನ 340 ಗ್ರಾಮ್ ಎಲ್ಲಿ! ಆದರೆ ಇತಿಹಾಸಕಾರನಿಗೆ ಎರಡನೆಯದೇ ಹೆಚ್ಚು ತೂಕದ್ದು. ಅದು ಯಾರನ್ನೂ ಹೊಗಳಲು ಬರೆದದ್ದಲ್ಲ. ಯಾವನೋ ಲೆಕ್ಕಿಗನು ಸರಕಿನ ಜೊತೆಗೆ ಬರೆದ ಚೀಟಿ.

ಅರ್ಥವಿಚಾರ

ಓಫೀರ್ ಎಂಬುದು ಹೀಬ್ರೂವಿನಲ್ಲಿ ಆಲೆಫ್, ವಾವ್, ಪೇ, ಯೋದ್, ರೇಶ್ ಎಂಬ ಅಕ್ಷರಗಳಿಂದ ಬರೆಯುವ ಹೆಸರು. ವಾವ್ ಮತ್ತು ಯೋದ್ ಇಲ್ಲಿ ಸ್ವರಗಳನ್ನು ಸೂಚಿಸುತ್ತವೆ. ಮೂಲ ವ್ಯಂಜನಗಳು ಆಲೆಫ್, ಪೇ, ರೇಶ್ ಎಂಬ ಮೂರು. ಚಿನ್ನವು ಮಣ್ಣಿನಲ್ಲಿ ಪುಡಿಯಾಗಿ ದೊರೆಯುವುದರಿಂದ, ಧೂಳು ಎಂಬರ್ಥದ 'ಅಫಾರ್' ಎಂಬ ಹೀಬ್ರೂ ಶಬ್ದದೊಡನೆ ಇದನ್ನು ಜೋಡಿಸುವ ಆಸೆ ಹುಟ್ಟುತ್ತದೆ. ಆದರೆ ಧೂಳಿನ ಅಫಾರ್ ಆರಂಭವಾಗುವುದು ಆಲೆಫ್‌ನಿಂದ ಅಲ್ಲ, 'ಅಯಿನ್' ಎಂಬ ಬೇರೊಂದು ಕಂಠ್ಯ ವ್ಯಂಜನದಿಂದ. ಕನ್ನಡ ಲಿಪಿಯಲ್ಲಿ ಎರಡೂ 'ಅ' ಎಂದೇ ಕಾಣುವುದರಿಂದ ನಮಗೆ ವ್ಯತ್ಯಾಸ ತೋರದು. ಹಳಗನ್ನಡದ ಱ ಮತ್ತು ೞ ಅಕ್ಷರಗಳನ್ನು ರ ಮತ್ತು ಳಗಳೊಡನೆ ಬೆರೆಸಿದರೆ ಶಾಸನೋಕ್ತ ಊರಹೆಸರುಗಳ ಅರ್ಥ ಹೇಗೆ ತಪ್ಪುವುದೋ ಇಲ್ಲಿಯೂ ಹಾಗೆಯೇ. ಕವಲು ಮತ್ತು ಕಾವಲುಗಳ ನಡುವಣ ಅಂತರವೇ ಇಲ್ಲಿ ಬೇರೊಂದು ರೂಪದಲ್ಲಿ ಎದುರಾಗುತ್ತದೆ.

ಹೀಬ್ರೂ ಗ್ರಂಥವೇ ಕೆಲವು ಊರುಗಳಿಗೆ ಅರ್ಥ ಹೇಳುತ್ತದೆ. ಬಾಬೆಲ್ ಎಂಬ ಹೆಸರನ್ನು ಆದಿಕಾಂಡವು ಕಲಬೆರಕೆ ಮಾಡು ಎಂಬರ್ಥದ ಧಾತುವಿನಿಂದ ವಿವರಿಸುತ್ತದೆ. ಭಾಷೆಗಳು ಅಲ್ಲಿ ಕಲಸಿಹೋದವೆಂಬ ಕಥೆಗೆ ಅದು ಹೊಂದುತ್ತದೆ. ಆ ನಗರದವರೇ ತಮ್ಮ ಅಕ್ಕಾದಿ ಭಾಷೆಯಲ್ಲಿ ಹೆಸರನ್ನು 'ದೇವರ ಬಾಗಿಲು' ಎಂದು ತಿಳಿದಿದ್ದರು. ತಲ ಮತ್ತು ಕಾಡರ ಕಥೆಯಂತೆ ಬಾಬೆಲಿನ ಕಥೆಯೂ ಹೆಸರಿನಿಂದ ಹುಟ್ಟಿದ ಕಥೆ, ಕಥೆಯಿಂದ ಹುಟ್ಟಿದ ಹೆಸರಲ್ಲ. ಓಫೀರಿಗೆ ಇಂತಹ ಕಥೆಯೂ ಇಲ್ಲದಿರುವುದು ವಿಶೇಷ. ಹೀಬ್ರೂ ಭಾಷಿಕರಿಗೆ ಅದು ದೂರದಿಂದ ಕೇಳಿಬಂದ ಪರಭಾಷೆಯ ಹೆಸರಾಗಿತ್ತೆಂದು ಇದರಿಂದ ಊಹಿಸಬಹುದು.

ಅರ್ಥ ತಿಳಿಯದ ಹೆಸರಿಗೆ ಕಾಲಾನಂತರ ಹೊಸ ಅರ್ಥ ಬಂತು. ಯೋಬನ ಗ್ರಂಥದ 22ನೆಯ ಅಧ್ಯಾಯದಲ್ಲಿ 'ಓಫೀರ್' ಎಂಬ ಮಾತು ಊರಿಗಲ್ಲದೆ ಚಿನ್ನಕ್ಕೇ ಪ್ರಯೋಗವಾಗಿದೆ. ಸ್ಥಳದ ಹೆಸರು ಸರಕಿನ ಹೆಸರಾಗುವುದು ಎಲ್ಲೆಡೆ ಕಾಣುವ ಪ್ರಕ್ರಿಯೆ. ಇಳಕಲ್ಲು, ಮೊಳಕಾಲ್ಮೂರು ಎಂದರೆ ನಮಗೆ ಊರಿನಷ್ಟೇ ಬೇಗ ಸೀರೆಯೂ ನೆನಪಾಗುತ್ತದೆ.

ಹೆಸರಿನ ಸಂಚಾರ

ಕ್ರಿಸ್ತಪೂರ್ವದಲ್ಲಿಯೇ ಹೀಬ್ರೂ ಗ್ರಂಥವು ಗ್ರೀಕಿಗೆ ಅನುವಾದವಾದಾಗ ಓಫೀರ್ ಹಲವೆಡೆ 'ಸೋಫಿರ್' ಎಂಬ ರೂಪ ತಾಳಿತು. ಕ್ರಿ.ಶ. 1ನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸನು ಇದು ಭಾರತಕ್ಕೆ ಸೇರಿದ, ತನ್ನ ಕಾಲದಲ್ಲಿ ಚಿನ್ನದ ನಾಡೆಂದು ಕರೆಯಲಾಗುತ್ತಿದ್ದ ಪ್ರದೇಶವೆಂದು ಬರೆದನು. ಜೆರೋಮನು ಲ್ಯಾಟಿನ್ನಿಗೆ ಅನುವಾದಿಸುವಾಗ ಯೋಬನ ಗ್ರಂಥದ ಒಂದೆಡೆ ಓಫೀರಿನ ಬದಲಿಗೆ 'ಇಂಡಿಯಾ' ಎಂದೇ ಬಳಸಿದನು. ಭಾರತದ ಪಕ್ಷಕ್ಕೆ ಇವು ಹಳೆಯ ಸಾಕ್ಷ್ಯಗಳು. ಆದರೆ ಜೋಸೆಫಸನ ಕಾಲಕ್ಕೆ ಸೊಲೊಮೋನನಿಂದ ಸಾವಿರ ವರ್ಷ ಕಳೆದಿತ್ತು. ಮುಂಗಾರಿನ ಗಾಳಿಯನ್ನು ನೆಚ್ಚಿ ಈಜಿಪ್ಟಿನ ಹಡಗುಗಳು ಭಾರತದ ಪಶ್ಚಿಮ ಕರಾವಳಿಗೆ ವರ್ಷವರ್ಷವೂ ಬರುತ್ತಿದ್ದ ಕಾಲವದು. ತನ್ನ ಕಾಲದ ಭೂಗೋಳವನ್ನು ಹಳೆಯ ಹೆಸರಿನ ಮೇಲೆ ಅವನು ಹೊದಿಸಿರಬೇಕು.

ಆಮೇಲಿನ ಶತಮಾನಗಳಲ್ಲಿ ಓಫೀರ್ ಲೋಕವನ್ನೇ ಸುತ್ತಿತು. ಆಫ್ರಿಕದ ಪೂರ್ವ ತೀರದ ಸೋಫಾಲವನ್ನು ಪೋರ್ಚುಗೀಸರ ಕಾಲದಲ್ಲಿ ಓಫೀರ್ ಎಂದರು. ಜಿಂಬಾಬ್ವೆಯ ಕಲ್ಲಿನ ಕಟ್ಟಡಗಳನ್ನು 1871ರಲ್ಲಿ ಕಂಡ ಕಾರ್ಲ್ ಮೌಖ್ ಕೂಡ ಅದನ್ನೇ ನೆನೆದನು. ಪೆಸಿಫಿಕ್ ಸಾಗರದಲ್ಲಿ 1568ರಲ್ಲಿ ಸ್ಪೇನಿನವರು ತಲುಪಿದ ದ್ವೀಪಗಳು ಇದೇ ಆಸೆಯಿಂದ ಸೊಲೊಮನ್ ದ್ವೀಪಗಳೆನಿಸಿದುವು. ಆಸ್ಟ್ರೇಲಿಯಾದಲ್ಲಿ 1851ರಲ್ಲಿ ಚಿನ್ನ ದೊರೆತ ಸ್ಥಳಕ್ಕೆ ಓಫೀರ್ ಎಂದೇ ನಾಮಕರಣವಾಯಿತು. ಭಾರತದೊಳಗೆ ಲಾಸೆನ್ ಎಂಬ ಜರ್ಮನ್ ವಿದ್ವಾಂಸನು ಸಿಂಧೂ ನದಿಯ ಮುಖದ ಆಭೀರರ ನಾಡನ್ನು ಸೂಚಿಸಿದನು. 'ಸೋಫಿರ್' ರೂಪವನ್ನು ನೆಚ್ಚಿದವರು ಮುಂಬಯಿಯ ಬಳಿಯ ಸೋಪಾರವನ್ನು, ಅಂದರೆ ಪ್ರಾಚೀನ ಶೂರ್ಪಾರಕವನ್ನು ಮುಂದಿಟ್ಟರು. ಇನ್ನು ಕೆಲವರು ಅರೇಬಿಯಾದ ಮಹದ್ ಅದ್ ದಹಬ್ ಎಂಬ ಹಳೆಯ ಗಣಿಯನ್ನು ತೋರಿಸಿದರು. ಪ್ರತಿಯೊಂದು ಗುರುತಿಸುವಿಕೆಯ ಹಿಂದೆಯೂ ಆಯಾ ಕಾಲದವರು ಚಿನ್ನವನ್ನು ಎಲ್ಲಿ ಹುಡುಕುತ್ತಿದ್ದರೆಂಬುದರ ಸುಳಿವಿದೆ. ಜಿಂಬಾಬ್ವೆಯ ಸಂಗತಿಯಲ್ಲಿ ಇದರಿಂದ ಕೇಡೂ ಆಯಿತು. ಅಲ್ಲಿನ ಕಟ್ಟಡಗಳನ್ನು ಕಟ್ಟಿದವರು ಆ ನೆಲದ ಆಫ್ರಿಕನ್ನರೇ ಎಂಬ ಸತ್ಯವನ್ನು ಒಪ್ಪಲು ವಸಾಹತು ಕಾಲದ ಆಳುವವರು ಬಹುಕಾಲ ಸಿದ್ಧರಿರಲಿಲ್ಲ. ಒಂದು ಹೆಸರಿನ ತಪ್ಪು ಗುರುತು ಒಂದು ಜನಾಂಗದ ಚರಿತ್ರೆಯನ್ನೇ ಕಸಿಯಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಶಬ್ದಗಳ ಸಾಕ್ಷ್ಯ

ದಕ್ಷಿಣ ಭಾರತದ ಪಕ್ಷದಲ್ಲಿರುವ ಪ್ರಬಲ ವಾದ ಶಬ್ದಗಳದು. ಅರಸುಗಳ ಮೊದಲನೆಯ ಗ್ರಂಥದ 10ನೆಯ ಅಧ್ಯಾಯದಲ್ಲಿ, ಮೂರು ವರ್ಷಕ್ಕೊಮ್ಮೆ ಬರುತ್ತಿದ್ದ ಹಡಗುಗಳು ಚಿನ್ನ, ಬೆಳ್ಳಿ, ದಂತಗಳ ಜೊತೆಗೆ 'ಕೋಫೀಮ್' ಮತ್ತು 'ತುಕ್ಕಿಯೀಮ್'ಗಳನ್ನು ತರುತ್ತಿದ್ದವೆಂದಿದೆ. ಕೋಫ್ ಎಂದರೆ ಕೋತಿ; ಸಂಸ್ಕೃತದ 'ಕಪಿ'ಯೊಡನೆ ಇದರ ಸಾಮ್ಯ ಸ್ಪಷ್ಟ. ತುಕ್ಕಿ ಎಂಬುದನ್ನು ಸಾಂಪ್ರದಾಯಿಕವಾಗಿ ನವಿಲು ಎಂದು ಅರ್ಥೈಸಲಾಗಿದೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ಲರು ಇದು ತಮಿಳಿನ 'ತೋಕೈ' ಎಂಬ ಶಬ್ದವೆಂದು ಪ್ರತಿಪಾದಿಸಿದರು. ಕನ್ನಡದ 'ತೋಕೆ', 'ಸೋಗೆ'ಗಳು ಇದರ ಜ್ಞಾತಿಪದಗಳು. ಹಳಗನ್ನಡ ಕಾವ್ಯಗಳ ಸೋಗೆನವಿಲನ್ನು ಬಲ್ಲ ನಮಗೆ ಈ ಶಬ್ದ ಅಪರಿಚಿತವಲ್ಲ. ಮಲೆನಾಡಿನವರು ಅಡಕೆಯ ಗರಿಯನ್ನು ಇಂದಿಗೂ ಸೋಗೆ ಎಂದೇ ಕರೆಯುತ್ತಾರೆ. 1970ರ ದಶಕದ ಆರಂಭದಲ್ಲಿ ಹೀಬ್ರೂ ಭಾಷಾಶಾಸ್ತ್ರಜ್ಞ ಹಾಯಿಮ್ ರಾಬಿನ್ ಅವರು ಇಂತಹ ಶಬ್ದಗಳ ಆಧಾರದಿಂದ ದಕ್ಷಿಣ ಭಾರತ ಮತ್ತು ಪ್ಯಾಲೆಸ್ತೀನಿನ ನಡುವಣ ಪ್ರಾಚೀನ ವ್ಯಾಪಾರವನ್ನು ಚರ್ಚಿಸಿದರು.

ಈ ವಾದಕ್ಕೆ ಎದುರುವಾದಗಳೂ ಇವೆ. ಕೋಫ್ ಶಬ್ದಕ್ಕೆ ಈಜಿಪ್ಟಿನ ಭಾಷೆಯಲ್ಲಿಯೂ ಹತ್ತಿರದ ರೂಪವಿದೆ. ತುಕ್ಕಿಯೆಂದರೆ ನವಿಲಲ್ಲ, ಆಫ್ರಿಕದ ಒಂದು ಬಗೆಯ ಕೋತಿ ಎಂದು ಆಲ್‌ಬ್ರೈಟ್ ಅವರು ಈಜಿಪ್ಟಿನ ಶಬ್ದವೊಂದರ ಆಧಾರದಿಂದ ಹೇಳಿದರು. ಇಂದಿನ ಹೀಬ್ರೂವಿನಲ್ಲಿ ತುಕ್ಕಿ ಎಂದರೆ ಗಿಳಿ. ಎಲ್ಲಕ್ಕಿಂತ ಮುಖ್ಯವಾಗಿ, ಕೋತಿ ಮತ್ತು ತುಕ್ಕಿಗಳ ಮಾತು ಬರುವ ವಾಕ್ಯದಲ್ಲಿ ಓಫೀರ್ ಎಂಬ ಹೆಸರೇ ಇಲ್ಲ; ಅಲ್ಲಿರುವುದು 'ತಾರ್ಷೀಷ್ ಹಡಗುಗಳು' ಎಂಬ ಮಾತು. ಎರಡು ವಾಕ್ಯಗಳನ್ನು ಬೆಸೆದು ನವಿಲನ್ನು ಓಫೀರಿಗೆ ಕಳುಹಿಸಿದವರು ಅನಂತರದ ಓದುಗರು.

'ಅಲ್ಮುಗ್' ಮರದ ವಿಷಯ ಮೈಸೂರಿಗರಿಗೆ ಹೆಚ್ಚು ಹತ್ತಿರದ್ದು. ಇದನ್ನು ಶ್ರೀಗಂಧವೆಂದು ಗುರುತಿಸಿದ ವಿದ್ವಾಂಸರು ಸಂಸ್ಕೃತದ 'ವಲ್ಗು' ಶಬ್ದವನ್ನು ಆಧಾರವಾಗಿ ಕೊಟ್ಟರು. ಆದರೆ ಇದೇ ಮರದ ಹೆಸರು ಸೊಲೊಮೋನನಿಗಿಂತ ಹಿಂದಿನ ಉಗಾರಿತ್ ಮತ್ತು ಅಕ್ಕಾದಿ ಬರಹಗಳಲ್ಲಿಯೇ ದೊರೆಯುತ್ತದೆ. ಪೂರ್ವಕಾಲವೃತ್ತಾಂತವು ಇದನ್ನು ಲೆಬನೋನಿನಿಂದ ತರಿಸಿಕೊಳ್ಳುವ ಮರಗಳ ಸಾಲಿನಲ್ಲಿಯೂ ಹೇಳುತ್ತದೆ. ಈ ಮರದಿಂದ ದೇವಾಲಯಕ್ಕೆ ಊರೆಗಳನ್ನೂ ಹಾಡುವವರಿಗೆ ತಂತೀವಾದ್ಯಗಳನ್ನೂ ಮಾಡಿಸಿದರೆಂಬ ಮಾತಿದೆ. ಗಂಧದ ಮರದ ಬೆಳವಣಿಗೆಯನ್ನು ಕಣ್ಣಾರೆ ಕಂಡವರು ಇಲ್ಲಿ ಸಂದೇಹಪಡುತ್ತಾರೆ. ಅದರ ಬೆಲೆ ಇರುವುದು ಕಾಂಡದೊಳಗಿನ ಪರಿಮಳದ ಚೇಗಿನಲ್ಲಿ. ಕಟ್ಟಡದ ಭಾರ ಹೊರುವುದಕ್ಕೆ ಅದನ್ನು ಯಾರೂ ಬಳಸರು.

ಶಬ್ದಸಾಕ್ಷ್ಯವನ್ನು ಪೂರ್ತಿಯಾಗಿ ತಳ್ಳಿಹಾಕಬೇಕೆಂಬುದು ಇಲ್ಲಿನ ಅಭಿಪ್ರಾಯವಲ್ಲ. ಕೀರ್ತನೆಗಳ 45ನೆಯ ಅಧ್ಯಾಯದಲ್ಲಿ 'ಅಹಾಲೋತ್' ಎಂಬ ಸುಗಂಧದ್ರವ್ಯದ ಹೆಸರಿದೆ. ಇದನ್ನು ತಮಿಳಿನ 'ಅಕಿಲ್', ಸಂಸ್ಕೃತದ 'ಅಗರು'ಗಳೊಡನೆ ಸಂಬಂಧಿಸಲಾಗಿದೆ. ಅದರ ಮುಂದಿನ ವಚನದಲ್ಲಿಯೇ ಓಫೀರಿನ ಚಿನ್ನದ ಮಾತು ಬರುತ್ತದೆ. ಎಸ್ತೇರಳ ಗ್ರಂಥದ 'ಕರ್ಪಸ್' ನಮ್ಮ ಕಾರ್ಪಾಸ, ಅಂದರೆ ಹತ್ತಿ. ಅದೇ ಗ್ರಂಥದ ಮೊದಲ ವಾಕ್ಯದಲ್ಲಿ ಭಾರತಕ್ಕೆ 'ಹೋದ್ದು' ಎಂಬ ಹೆಸರಿದ್ದು, ಅದು ಪರ್ಷಿಯನ್ನರ 'ಹಿಂದುಷ್' ಮೂಲಕ ಬಂದದ್ದು. ಭಾರತಕ್ಕೆ ನಿಸ್ಸಂದೇಹವಾಗಿ ಸಲ್ಲುವ ಹೀಬ್ರೂ ಸ್ಥಳನಾಮ ಇದೇ, ಓಫೀರಲ್ಲ.

ಕರ್ನಾಟಕದ ಚಿನ್ನ

ಇನ್ನು ಚಿನ್ನದ ವಿಷಯ. ಕರ್ನಾಟಕದ ಚಿನ್ನದ ಪ್ರಾಚೀನತೆ ಓಫೀರಿನ ಆಸರೆಯಿಲ್ಲದೆಯೇ ಸಿದ್ಧವಾಗಿರುವ ಸಂಗತಿ. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ನವಶಿಲಾಯುಗದ ನೆಲೆಯಲ್ಲಿ 1960ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಚಿನ್ನದ ಆಭರಣಗಳು ದೊರೆತಿವೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಹಿಂದಿನವರು ಸುಮಾರು 600 ಅಡಿ ಆಳದವರೆಗೆ ಗಣಿ ತೋಡಿದ್ದರು. ಅಲ್ಲಿ ದೊರೆತ ಮರದ ತುಂಡುಗಳ ರೇಡಿಯೋ ಇಂಗಾಲದ ಕಾಲನಿರ್ಣಯ ಕ್ರಿಸ್ತಶಕದ ಆರಂಭದ ಸುಮಾರಿಗೆ ಬರುತ್ತದೆ. 1962ರಲ್ಲಿ ಆಲ್ಚಿನ್ ಅವರು ಈ ಗಣಿಗಳ ಪ್ರಾಚೀನತೆಯನ್ನೂ ತೋಡುವ ವಿಧಾನವನ್ನೂ ವಿವರವಾಗಿ ಚರ್ಚಿಸಿದ್ದಾರೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ನುಡಿದ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವರು ಪುರಾತತ್ವಜ್ಞರಲ್ಲ, ಚಿನ್ನವನ್ನು ಅರಸಿ ಹೊರಟಿದ್ದ ಬೀಡನ್ ಎಂಬ ಗಣಿ ಎಂಜಿನಿಯರು. 1892ರಲ್ಲಿ ಬಿ.ಎಲ್. ರೈಸರು ಬೆಳಕಿಗೆ ತಂದ ಬ್ರಹ್ಮಗಿರಿಯ ಶಾಸನದಲ್ಲಿ 'ಸುವರ್ಣಗಿರಿ'ಯಿಂದ ಆಜ್ಞೆ ಹೊರಟಿತೆಂದಿದೆ. ಸುವರ್ಣಗಿರಿ ಮೌರ್ಯರ ದಕ್ಷಿಣ ಪ್ರಾಂತದ ಆಡಳಿತ ಕೇಂದ್ರ. ಚಿನ್ನದ ಹೆಸರಿನ ಸ್ಥಳವೊಂದು ನಮ್ಮಲ್ಲಿಯೇ ಕ್ರಿ.ಪೂ. 3ನೆಯ ಶತಮಾನದ ಕಲ್ಲಿನ ಮೇಲೆ ದಾಖಲಾಗಿರುವಾಗ ನಾವು ಓಫೀರಿನ ಕಡೆಗೆ ಕೈಚಾಚುವುದು ಏತಕ್ಕೆ?

ಕೋಲಾರದ ಕಥೆ ಎಲ್ಲರಿಗೂ ತಿಳಿದದ್ದೇ. ಸ್ಥಳೀಯರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು 1802ರಲ್ಲಿ ವಾರನ್ ಎಂಬ ಅಧಿಕಾರಿ ಕಂಡನು. 1880ರಿಂದ ಜಾನ್ ಟೇಲರ್ ಕಂಪನಿಯ ಗಣಿಗಾರಿಕೆ ಆರಂಭವಾಯಿತು. 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದುವು. ನೂರಿಪ್ಪತ್ತು ವರ್ಷಗಳಲ್ಲಿ ಅಲ್ಲಿಂದ ಬಂದ ಚಿನ್ನ ಸುಮಾರು 800 ಟನ್ ಎಂದು ಅಂದಾಜು. ಅಂದರೆ ಯಂತ್ರಬಲದಿಂದ ಎರಡು ಮೈಲಿ ಆಳಕ್ಕೆ ಇಳಿದೂ ವರ್ಷದ ಸರಾಸರಿ ಏಳು ಟನ್ನನ್ನು ದಾಟಲಿಲ್ಲ. ಸೊಲೊಮೋನನ 14 ಟನ್ನಿನ ಮಾತನ್ನು ಈ ಅಳತೆಗೋಲಿನಿಂದ ಅಳೆಯುವುದು ಒಳ್ಳೆಯದು. ಅಲ್ಲದೆ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಪಶ್ಚಿಮದೊಡನೆ ನಮ್ಮ ವ್ಯಾಪಾರ ನಡೆದುದಕ್ಕೆ ಇರುವ ಸಾಕ್ಷ್ಯ ತಿರುಗಾಮುರುಗಾ ಆಗಿದೆ. ಚಂದ್ರವಳ್ಳಿ, ಬೆಂಗಳೂರಿನ ಯಶವಂತಪುರ ಮುಂತಾದೆಡೆ ದೊರೆತ ರೋಮನ್ ನಾಣ್ಯಗಳು ಹೇಳುವುದು ಇಲ್ಲಿಂದ ಹೊರಟ ಲೋಹದ ಕಥೆಯನ್ನಲ್ಲ, ಇಲ್ಲಿಗೆ ಬಂದ ಲೋಹದ ಕಥೆಯನ್ನು.

ಕಪಿಲಾ ಕಾವೇರಿ ಕಣಿವೆಯ ಪಾಠ

ಸೊಲೊಮೋನನ ಕಾಲಕ್ಕೂ ಮೊದಲಿನಿಂದ ಕಪಿಲಾ ಕಾವೇರಿ ಕಣಿವೆಯಲ್ಲಿ ಬದುಕಿದ್ದ ಜನರ ಕುರುಹುಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ತಿ. ನರಸೀಪುರದಲ್ಲಿ ಉತ್ಖನನ ಮಾಡಿ ಹೊರತೆಗೆದರು. ಅದರ ವರದಿ 1971ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಹತ್ತಿರದ ಹೆಮ್ಮಿಗೆಯಲ್ಲಿಯೂ ಸುಟ್ಟ ಮಣ್ಣಿನ ತಲೆದಿಂಬುಗಳು ದೊರೆತಿವೆ. ಇವು ಪ್ರಾಚೀನ ಈಜಿಪ್ಟಿನ ತಲೆದಿಂಬುಗಳನ್ನು ಹೋಲುತ್ತವೆಂದು ಹಲವರು ಹೇಳಿದ್ದಾರೆ. ಹೋಲಿಕೆ ನಿಜ. ಆದರೆ ಮಲಗುವ ಮನುಷ್ಯನಿಗೆ ಎಲ್ಲೆಡೆಯೂ ಕತ್ತು ಒಂದೇ. ಆಸರೆಯ ಆಕಾರವೂ ಒಂದೇ ಆಗಿದ್ದರೆ ಆಶ್ಚರ್ಯವಿಲ್ಲ. ಹೋಲಿಕೆಯಿಂದ ಸಂಪರ್ಕವನ್ನು ಸಾಧಿಸಲು ನಡುವಣ ದಾರಿಯ ಕುರುಹುಗಳು ಬೇಕು.

ಅಂತಹ ಕುರುಹುಗಳು ಬೇರೆ ಸರಕುಗಳಿಗೆ ದೊರೆತಿವೆ ಎಂಬುದನ್ನೂ ಹೇಳಬೇಕು. ಕ್ರಿ.ಪೂ. 1213ರಲ್ಲಿ ಮಡಿದ ಈಜಿಪ್ಟಿನ ಎರಡನೆಯ ರಾಮ್ಸೆಸ್‌ನ ಶವದ ಮೂಗಿನಲ್ಲಿ ಕರಿಮೆಣಸಿನ ಕಾಳುಗಳು ಕಂಡುಬಂದಿವೆ. ಇಸ್ರೇಲಿನಲ್ಲಿ ದೊರೆತ ಫಿನೀಷಿಯನ್ ಕುಡಿಕೆಗಳ ಒಳಗೆ ದಾಲ್ಚಿನ್ನಿಯ ಅಂಶವಿರುವುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅವು ಹೆಚ್ಚುಕಡಿಮೆ ಸೊಲೊಮೋನನ ಕಾಲದವೇ. ದಕ್ಷಿಣ ಏಷ್ಯಾದ ಸರಕು ಆ ನಾಡನ್ನು ಮುಟ್ಟುತ್ತಿತ್ತು ಎಂಬುದಕ್ಕೆ ಇವು ಸಾಕು. ಆದರೆ ಸರಕು ಕೈಯಿಂದ ಕೈಗೆ, ಬಂದರಿನಿಂದ ಬಂದರಿಗೆ ಸಾಗುತ್ತದೆ. ಕೊನೆಯಲ್ಲಿ ಕೊಳ್ಳುವವನಿಗೆ ತಿಳಿಯುವುದು ಕೊನೆಯ ಸಂತೆಯ ಹೆಸರು ಮಾತ್ರ. ಅರೇಬಿಯಾದ ಅಥವಾ ಆಫ್ರಿಕದ ಕೊಂಬಿನ ಯಾವುದೋ ಬಂದರೊಂದರಲ್ಲಿ ಅಲ್ಲಿನ ಚಿನ್ನದ ಪಕ್ಕದಲ್ಲಿ ನಮ್ಮ ಕರಾವಳಿಯ ಸರಕೂ ಇದ್ದಿರಬಹುದು. ವಂಶಾವಳಿಯ ಸಾಕ್ಷ್ಯವನ್ನೂ ಶಬ್ದಗಳ ಸಾಕ್ಷ್ಯವನ್ನೂ ಒಟ್ಟಿಗೆ ಹೊಂದಿಸುವ ವಿವರಣೆ ಇದೊಂದೇ ಎಂದು ತೋರುತ್ತದೆ.

ಹೀಬ್ರೂ ಲಿಪಿಯಲ್ಲಿ ಮಂಗಳೂರು

ಓಫೀರಿನ ಎದುರಿಗೆ ಇಡಬೇಕಾದ ಇನ್ನೊಂದು ಹೆಸರಿದೆ. ಕೈರೋ ನಗರದ ಹಳೆಯ ಭಾಗದಲ್ಲಿರುವ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಗೆನೀಜಾ ಎಂಬ ಕೋಣೆಯಲ್ಲಿ ಶತಮಾನಗಳಿಂದ ಕೂಡಿದ್ದ ಹಳೆಯ ಕಾಗದಗಳು 19ನೆಯ ಶತಮಾನದ ಕೊನೆಯಲ್ಲಿ ಕೇಂಬ್ರಿಡ್ಜ್ ಮುಂತಾದೆಡೆ ಸೇರಿದುವು. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿಯ ಕಾಗದಪತ್ರಗಳಿವೆ. ಟ್ಯುನೀಷಿಯಾದ ಮಹ್ದೀಯಾ ಮೂಲದ ಈತನು ಕ್ರಿ.ಶ. 1132ರಿಂದ 1149ರವರೆಗಿನ ಕಾಲದ ಬಹುಭಾಗವನ್ನು ಮಂಗಳೂರಿನಲ್ಲಿ ಕಳೆದನು. ಅಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದನು. 1132ರಲ್ಲಿ ಆಶು ಎಂಬ ದಾಸಿಗೆ ಬಿಡುಗಡೆ ಕೊಟ್ಟ ಪತ್ರ ಉಳಿದುಬಂದಿದೆ. ಅರಬ್ಬೀ ಭಾಷೆಯನ್ನು ಹೀಬ್ರೂ ಅಕ್ಷರಗಳಲ್ಲಿ ಬರೆಯುತ್ತಿದ್ದ ಈ ವರ್ತಕರ ಕಾಗದಗಳಲ್ಲಿ ಮಂಗಳೂರು 'ಮಂಜರೂರ್' ಆಗಿದೆ. ಅರಬ್ಬೀಯಲ್ಲಿ ನಮ್ಮ ಗಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲದ್ದರಿಂದ ಅದು ಜಕಾರವಾಯಿತು. ಇಲ್ಲಿ ಧ್ವನಿಯ ನಿಯಮ ಹೊಂದುತ್ತದೆ, ಕಾಲ ಹೊಂದುತ್ತದೆ, ಸರಕು ಹೊಂದುತ್ತದೆ, ಮನುಷ್ಯರ ಹೆಸರುಗಳೂ ಹೊಂದುತ್ತವೆ.

ಬೆನ್ ಯಿಜುವಿನ ಆಳಿನ ಹೆಸರನ್ನು ಈ ಕಾಗದಗಳಲ್ಲಿ ಬ, ಮ, ಹ ಎಂಬ ಮೂರು ವ್ಯಂಜನಗಳಿಂದ ಬರೆಯಲಾಗಿದೆ. ಸ್ವರಗಳಿಲ್ಲದ ಆ ಹೆಸರನ್ನು ಹೇಗೆ ಓದಬೇಕೆಂಬುದು ಗೆನೀಜಾ ವಿದ್ವಾಂಸರಿಗೆ ತೊಡಕಾಗಿತ್ತು. ಅಮಿತಾವ್ ಘೋಷ್ ಅವರು ತಮ್ಮ ಸಂಶೋಧನೆಗಾಗಿ ಮಂಗಳೂರಿಗೆ ಬಂದಾಗ, ತುಳು ಮತ್ತು ಕನ್ನಡ ಜಾನಪದದ ವಿದ್ವಾಂಸರಾದ ಬಿ.ಎ. ವಿವೇಕ ರೈ ಅವರ ನೆರವಿನಿಂದ ಅದು 'ಬೊಮ್ಮ' ಎಂದು ತಿಳಿದುಬಂತು. 1992ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಘೋಷ್ ಇದನ್ನು ದಾಖಲಿಸಿದ್ದಾರೆ. ಎಂಟು ಶತಮಾನಗಳ ಹಿಂದಿನ ಹೀಬ್ರೂ ಅಕ್ಷರಗಳ ಒಳಗಿದ್ದ ನಮ್ಮ ನೆಲದ ಒಬ್ಬ ಸಾಮಾನ್ಯ ಮನುಷ್ಯನನ್ನು ಗುರುತಿಸಿ ಕೂಗಿ ಕರೆಯಲು ನಮ್ಮ ನುಡಿಯ ತಿಳುವಳಿಕೆಯೇ ಬೇಕಾಯಿತು. ಕನ್ನಡ ವಿದ್ವತ್ತಿಗೆ ಜಗತ್ತಿನ ಇತಿಹಾಸದಲ್ಲಿ ಸಲ್ಲಬೇಕಾದ ಸ್ಥಾನ ಯಾವುದು ಎಂಬುದನ್ನು ಓಫೀರಿನ ಚಿನ್ನಕ್ಕಿಂತ ಈ ಬೊಮ್ಮನ ಹೆಸರು ಚೆನ್ನಾಗಿ ತಿಳಿಸುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಓಫೀರ್ ಕಲ್ಪಿತ ಹೆಸರಲ್ಲ, ಕ್ರಿ.ಪೂ. 8ನೆಯ ಶತಮಾನದಲ್ಲಿ ಅದು ವ್ಯಾಪಾರದ ಬಳಕೆಯಲ್ಲಿತ್ತು. ಅದು ಹೀಬ್ರೂ ಧಾತುವಿನಿಂದ ಹುಟ್ಟಿದ ಹೆಸರೆಂದು ಸಾಧಿಸಲು ಆಧಾರವಿಲ್ಲ. ಗ್ರಂಥದ ವಂಶಾವಳಿ ಅದನ್ನು ಅರೇಬಿಯಾದ ನೆರೆಯಲ್ಲಿ ನಿಲ್ಲಿಸುತ್ತದೆ; ಭಾರತದೊಡನೆ ಅದನ್ನು ಸಮೀಕರಿಸಿದ್ದು ಸಾವಿರ ವರ್ಷಗಳ ನಂತರದ ಭೂಗೋಳಜ್ಞಾನ. ದ್ರಾವಿಡ ಮೂಲದ್ದೆಂದು ಹೇಳಲಾಗುವ ಶಬ್ದಗಳು ವ್ಯಾಪಾರವನ್ನು ಸೂಚಿಸಬಲ್ಲವೇ ಹೊರತು ಸ್ಥಳವನ್ನು ನಿರ್ಣಯಿಸಲಾರವು. ಕರ್ನಾಟಕದ ಚಿನ್ನದ ಚರಿತ್ರೆ ತನ್ನ ಕಾಲ ಮೇಲೆ ತಾನೇ ನಿಂತಿದೆ.

ಕವಲಂದೆ, ತಲಕಾಡು, ಸುವರ್ಣಗಿರಿ, ಮಂಜರೂರ್, ಓಫೀರ್ ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ದೂರದ ಹೆಸರಿಗೆ ಒಂದು ನ್ಯಾಯ, ನಮ್ಮ ಊರಿನ ಹೆಸರಿಗೆ ಒಂದು ನ್ಯಾಯ ಸಲ್ಲದು. ಇಂದು ನಮ್ಮ ಹಳ್ಳಿಗಳಲ್ಲಿ ಹೊಲದ ಹೆಸರು, ಹಳ್ಳದ ಹೆಸರು, ದಿಣ್ಣೆಯ ಹೆಸರುಗಳನ್ನು ಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ; ಭೂಮಿಯ ದಾಖಲೆಯಲ್ಲಿ ಉಳಿಯುವುದು ಸರ್ವೆ ನಂಬರು ಮಾತ್ರ. ಮೂರು ಸಾವಿರ ವರ್ಷಗಳ ಹಿಂದಿನ ಒಂದು ಹೆಸರನ್ನು ಲೋಕವೆಲ್ಲ ಸುತ್ತಿ ಹುಡುಕುತ್ತಿರುವ ವಿದ್ವತ್ತು, ನಾಳೆ ಇಲ್ಲವಾಗುವ ಹೆಸರುಗಳನ್ನು ಇಂದೇ ಬರೆದಿಡುವುದನ್ನು ಮರೆಯಬಾರದು. ಬರೆದಿಟ್ಟ ಹೆಸರಿಗೆ ಮಾತ್ರ ಮುಂದೊಂದು ದಿನ ಅರ್ಥ ಹುಡುಕಲು ಸಾಧ್ಯ. ತೆಲ್ ಕಸೀಲೆಯ ಆ ಲೆಕ್ಕಿಗನ ಮಡಕೆ ಚೂರು ಸಾರುವುದೂ ಇದನ್ನೇ.